ಬೇರೆ ಬೇರೆ ಕೋಳಿಗಳನ್ನು ಒಂದೇ ಗೂಡಿಗೆ ಸೇರಿಸುವುದು ಹೇಗೆ?

ಹಾಸನ, ಚಿಕ್ಕಮಗಳೂರು ಕಡೆ ಹಿತ್ತಲಲ್ಲಿ ಕೋಳಿ ಸಾಕುವವರ ಮನೆಯಲ್ಲಿ ಒಂದೇ ಥರದ ಕೋಳಿ ಇರುವುದು ಕಡಿಮೆ. ಮೊದಲಿಂದ ಇರುವ ನಾಟಿ ಕೋಳಿ ನಾಲ್ಕೈದು. ಮನೆ ಬಾಗಿಲಿಗೆ ಬಂದವರ ಹತ್ತಿರ ತಗೊಂಡ ಗಿರಿರಾಜ ತಳಿಯ ಮರಿ ಒಂದಿಷ್ಟು. ತವರಿಂದ ಬುಟ್ಟಿಯಲ್ಲಿ ಬಂದ ಹ್ಯಾಟೆ, ಅಂದರೆ ಹೆಣ್ಣು ಕೋಳಿ, ಎರಡು. ಅರಸೀಕೆರೆ ಸಂತೆಯಲ್ಲಿ ಜುಟ್ಟು ನೋಡಿ ಮರುಳಾಗಿ ತಂದ ಹುಂಜ ಒಂದು. ಇವಕ್ಕೆಲ್ಲ ಬೇರೆ ಬೇರೆ ಗೂಡು ಯಾರು ಕಟ್ಟುತ್ತಾರೆ? ಒಂದೇ ಗೂಡಿಗೆ ಸೇರಿಸಲೇಬೇಕು.

ಸುಮ್ನೆ ಒಳಗೆ ಹಾಕಿ ಬಾಗಿಲು ಮುಚ್ಚಿದರೆ ಮಾತ್ರ ಕಷ್ಟ. ಜುಟ್ಟು ಹರಿಯುತ್ತದೆ, ತಲೆ ಬೋಳಾಗುತ್ತದೆ, ಒಂದೆರಡು ಸಾಯಲೂಬಹುದು. ಹಾಗಂತ ಜಗಳವೇ ಆಗದ ಹಾಗೆ ಸೇರಿಸುವ ಉಪಾಯವನ್ನೂ ಹುಡುಕಬೇಡಿ, ಅಂಥದ್ದು ಇಲ್ಲ. ಜಗಳ ಆಗಿಯೇ ತೀರುತ್ತದೆ, ಆಗಲೂಬೇಕು. ನಮ್ಮ ಕೈಲಿರುವುದು ಒಂದೇ. ಸೋತ ಕೋಳಿ ಓಡಿಹೋಗಲು ಜಾಗ ಇರಬೇಕು. ಕೆಳಗೆ ಹೇಳುವುದೆಲ್ಲ ಹೆಚ್ಚುಕಡಿಮೆ ಅದನ್ನೇ ಮಾಡುವ ದಾರಿ.

ಯಾಕೆ ಹೊಡೆದಾಡುತ್ತವೆ

ಕೋಳಿಗಳಲ್ಲಿ ಮೇಲು ಕೀಳಿನ ಸಾಲು ಇರುತ್ತದೆ. ಯಾರು ಯಾರನ್ನು ಕುಕ್ಕಬಹುದು, ಯಾರು ಯಾರಿಗೆ ದಾರಿ ಬಿಡಬೇಕು ಅನ್ನುವುದು ಎಲ್ಲಕ್ಕೂ ಗೊತ್ತಿರುತ್ತದೆ. ನಾರ್ವೆ ದೇಶದ ತೋರ್ಲೀಫ್ ಶೆಲ್ಡರಪ್-ಎಬ್ಬೆ ಎಂಬುವರು ಇದನ್ನು 1920ರ ದಶಕದ ಶುರುವಿನಲ್ಲೇ ಬರೆದಿಟ್ಟಿದ್ದಾರೆ. ಚಿಕ್ಕಂದಿನಿಂದ ಮನೆಯ ಕೋಳಿಗಳನ್ನೇ ನೋಡುತ್ತಾ ಕೂತವರು ಅವರು. ಈ ಸಾಲು ಒಮ್ಮೆ ಗಟ್ಟಿಯಾದರೆ ದಿನಾ ಹೊಡೆದಾಡುವ ಅಗತ್ಯ ಇರುವುದಿಲ್ಲ. ಮೇಲಿನ ಕೋಳಿ ಒಂದು ನೋಟ ನೋಡಿದರೆ ಸಾಕು, ಕೆಳಗಿನದು ಕಾಳು ಬಿಟ್ಟು ಸರಿಯುತ್ತದೆ.

ಹೊಸ ಕೋಳಿ ಬಂತು ಅಂದರೆ ಅದರ ಜಾಗ ಎಲ್ಲಿ ಅನ್ನುವುದು ಹೊಸದಾಗಿ ತೀರ್ಮಾನ ಆಗಬೇಕು. ಹಳೆಯದೊಂದು ಹೋದರೂ ಅಷ್ಟೇ. ಯುಗಾದಿ ಮರುದಿನದ ಹೊಸತೊಡಕಿಗೆ ದೊಡ್ಡ ಹುಂಜ ಸಾರಾದ ಮೇಲೆ ಉಳಿದ ಕೋಳಿಗಳಲ್ಲಿ ಗದ್ದಲ ಜಾಸ್ತಿ ಆಗುವುದನ್ನು ನೀವು ನೋಡಿರಬಹುದು.

ಒಂದು ಜಗಳವನ್ನು ಪೂರ್ತಿ ನೋಡಿ. ಎರಡು ಹ್ಯಾಟೆ ಎದುರುಬದುರು ನಿಲ್ಲುತ್ತವೆ. ಕುತ್ತಿಗೆ ಪುಕ್ಕ ನಿಗುರಿ ನಿಲ್ಲುತ್ತದೆ. ತಲೆ ಒಂದೇ ಮಟ್ಟಕ್ಕೆ ತಂದು, ಒಂದು ಮೇಲೆತ್ತಿದರೆ ಇನ್ನೊಂದೂ ಎತ್ತಿ, ದಿಟ್ಟಿಸುತ್ತವೆ. ಆಮೇಲೆ ಎದೆಗೆ ಎದೆ ಕೊಟ್ಟು ಹಾರಿ ಕಾಲಲ್ಲಿ ಒದೆಯುತ್ತವೆ, ಜುಟ್ಟು ಹಿಡಿದು ಎಳೆಯುತ್ತವೆ. ಬಹಳ ಸಲ ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ಸೋತದ್ದು ತಲೆ ತಗ್ಗಿಸಿ, ಮುಖ ಪಕ್ಕಕ್ಕೆ ತಿರುಗಿಸಿ, ಓಡುತ್ತದೆ. ಗೆದ್ದದ್ದು ನಾಲ್ಕು ಹೆಜ್ಜೆ ಅಟ್ಟಿಕೊಂಡು ಹೋಗಿ ನಿಲ್ಲುತ್ತದೆ. ಓಡಲು ಜಾಗವೇ ಇಲ್ಲದಿದ್ದರೆ? ಸೋತದ್ದು ಮೂಲೆಗೆ ತಲೆ ತೂರಿಸಿ ಕೂರುತ್ತದೆ. ತಾನು ಸೋತಿದ್ದೇನೆ ಅಂತ ಅದು ಹೇಳಿದ್ದಾಯಿತು. ಆದರೆ ಗೆದ್ದ ಕೋಳಿಗೆ ಅದು ಇನ್ನೂ ಕಣ್ಣೆದುರೇ ಇದೆ, ಕುಕ್ಕುವುದು ನಿಲ್ಲುವುದಿಲ್ಲ. ಕೋಳಿ ಸಾಯುವುದು ಹೀಗೆ, ಮೂಲೆಯಲ್ಲಿ.

ಯಾವಾಗ ಸೇರಿಸಬೇಕು

ಮಲೆನಾಡಿನ ಕಡೆಯವರು ಮೊದಲು ಕ್ಯಾಲೆಂಡರ್ ನೋಡಬೇಕು. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಹಿಡಿದ ಮಳೆ ಬಿಡುವುದಿಲ್ಲ. ಕೋಳಿಗಳು ಇಡೀ ದಿನ ಗೂಡಲ್ಲೋ ಕೊಟ್ಟಿಗೆಯಲ್ಲೋ ಮುದುರಿಕೊಂಡಿರುತ್ತವೆ. ಓಡಲು ಜಾಗ ಇಲ್ಲ. ನೆಲದ ಹೊಟ್ಟು ಒದ್ದೆ. ಒದ್ದೆ ಹೊಟ್ಟಿನಲ್ಲಿ ಮರಿಗಳಿಗೆ ರಕ್ತಭೇದಿ ಬಹಳ ಬೇಗ ಹತ್ತುತ್ತದೆ. ದೊಡ್ಡ ಕೋಳಿಗಳು ಆ ರೋಗಕ್ಕೆ ಒಗ್ಗಿಹೋಗಿರುತ್ತವೆ, ತಾವು ಚೆನ್ನಾಗಿಯೇ ಇದ್ದು ಹಿಕ್ಕೆಯಲ್ಲಿ ರೋಗ ಹರಡುತ್ತಿರುತ್ತವೆ. ಅದರ ಮೇಲೆ ಹೊಸ ಜಾಗದ ಭಯ, ಹೊಡೆತ ಬೇರೆ. ಮಳೆಗಾಲದಲ್ಲಿ ಕೋಳಿ ತರಬೇಡಿ. ತರಲೇಬೇಕಾಗಿ ಬಂದರೆ ಬೇರೆಯೇ ಇಟ್ಟುಕೊಂಡು ಮಳೆ ಬಿಟ್ಟ ಮೇಲೆ ಸೇರಿಸಿ.

ದಸರಾ ಕಳೆದ ಮೇಲೆ, ನೆಲ ಒಣಗಿದಾಗಿನಿಂದ ಬೇಸಿಗೆ ಬಿಸಿಲು ಏರುವವರೆಗೆ ಒಳ್ಳೆಯ ಕಾಲ. ಕಾಫಿ ಕೊಯ್ಲು ಅದೇ ಹೊತ್ತಿಗೆ ಬರುತ್ತದೆ, ನೋಡಿಕೊಳ್ಳಲು ಯಾರಿಗೂ ಪುರಸೊತ್ತಿರುವುದಿಲ್ಲ, ನಿಜ. ಸೇರಿಸುವ ಮೊದಲ ಎರಡು ದಿನ ಮನೆಯಲ್ಲಿ ಯಾರಾದರೂ ಇರುವ ಹಾಗೆ ನೋಡಿಕೊಳ್ಳಿ, ಅಷ್ಟು ಸಾಕು. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನ ಬಯಲುಸೀಮೆಯವರಿಗೆ ಮಳೆಯ ಈ ಕಾಟ ಇಲ್ಲ. ಅಲ್ಲಿ ತಪ್ಪಿಸಬೇಕಾದದ್ದು ಏಪ್ರಿಲ್ ಬಿಸಿಲು.

ವಯಸ್ಸು ಇನ್ನೊಂದು ವಿಷಯ. ದೊಡ್ಡ ಕೋಳಿಗಳ ಮಧ್ಯೆ ತಾಯಿ ಇಲ್ಲದ ಮರಿ ಬಿಡಬಾರದು. ಕನಿಷ್ಠ ಮೂರು ತಿಂಗಳು ತುಂಬಿರಲಿ, ಗಾತ್ರದಲ್ಲಿ ದೊಡ್ಡವಕ್ಕೆ ಹತ್ತಿರ ಬಂದಿರಲಿ. ಗಿರಿರಾಜ, ಸ್ವರ್ಣಧಾರ ಮರಿಗಳು ಬೇಗ ದಪ್ಪಗಾಗುತ್ತವೆ, ಅದನ್ನು ನೋಡಿ ಮೋಸ ಹೋಗಬೇಡಿ. ಮೈ ತೂಕ ಇದ್ದರೂ ಓಟ ಕಡಿಮೆ. ಅರ್ಧ ತೂಕದ ನಾಟಿ ಹ್ಯಾಟೆ ಅವನ್ನು ಹಿತ್ತಲ ತುಂಬಾ ಅಟ್ಟಾಡಿಸುತ್ತದೆ.

ಒಂಟಿ ಕೋಳಿ ತರಬೇಡಿ. ಒಂದೇ ಇದ್ದರೆ ಎಲ್ಲರ ಕೊಕ್ಕೂ ಅದರ ಮೇಲೇ. ಎರಡು ಮೂರು ಒಟ್ಟಿಗೆ ಬಂದರೆ ಹೊಡೆತ ಹಂಚಿಹೋಗುತ್ತದೆ, ಒಂದಕ್ಕೊಂದು ಜೊತೆಯೂ ಆಗುತ್ತದೆ.

ಮೊದಲ ತಿಂಗಳು ದೂರವೇ ಇರಲಿ

ಬಹಳ ಜನ ಬಿಟ್ಟುಬಿಡುವ ಹಂತ ಇದು. ಜಗಳದಲ್ಲಿ ಸಾಯುವುದು ಒಂದೋ ಎರಡೋ. ರೋಗ ಬಂದರೆ ಗೂಡೇ ಖಾಲಿ. ಕೊಕ್ಕರೆ ರೋಗ ಬಂದು ಹೋದ ಹಟ್ಟಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಳಿ ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರು, ತಿರುಚಿದ ಕುತ್ತಿಗೆ. ಆ ವೈರಸ್ ಮೈಗೆ ಹೊಕ್ಕು ಲಕ್ಷಣ ಕಾಣಲು ಎರಡು ದಿನದಿಂದ ಎರಡು ವಾರದವರೆಗೂ ಹಿಡಿಯಬಹುದು. ಸಂತೆಯಲ್ಲಿ ಚುರುಕಾಗಿದ್ದ ಕೋಳಿ ಮನೆಗೆ ಬಂದು ಒಂದು ವಾರಕ್ಕೆ ಕತ್ತು ತಿರುಚುವುದು ಹೀಗೆ.

ಆದ್ದರಿಂದ ಹೊಸ ಕೋಳಿಗಳು ನಾಲ್ಕು ವಾರ ಬೇರೆ. ಹಳೆ ಗೂಡಿಂದ ಎಷ್ಟು ದೂರ ಆದರೆ ಅಷ್ಟು ಒಳ್ಳೆಯದು, ಮನೆಯ ಇನ್ನೊಂದು ಪಕ್ಕವಾದರೂ ಆಗಲಿ. ಇಳಿಜಾರು ಇದ್ದರೆ ಹೊಸವನ್ನು ಕೆಳಗಡೆ ಇಡಿ. ಮೇಲಿಟ್ಟರೆ ಮಳೆನೀರು ಅವುಗಳ ಹಿಕ್ಕೆಯನ್ನು ಹಳೆ ಕೋಳಿ ಮೇಯುವಲ್ಲಿಗೆ ತರುತ್ತದೆ. ನೀರಿನ ಬಟ್ಟಲು, ಕಾಳಿನ ಬಟ್ಟಲು, ಪೊರಕೆ ಎಲ್ಲ ಬೇರೆ. ಬೆಳಗ್ಗೆ ಹಳೆ ಕೋಳಿಗಳ ಕೆಲಸ ಮೊದಲು, ಹೊಸವುಗಳದ್ದು ಆಮೇಲೆ. ಹೊಸದರ ಹತ್ತಿರ ಹೋಗಲು ಒಂದು ಜೊತೆ ಹಳೇ ಚಪ್ಪಲಿ ಬೇರೆ ಇಟ್ಟುಕೊಳ್ಳಿ, ಬಂದು ಕೈಕಾಲು ತೊಳೆಯಿರಿ.

ಮೊದಲ ದಿನವೇ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ. ರೆಕ್ಕೆಯ ಕೆಳಗೆ, ಹಿಕ್ಕೆ ಹಾಕುವ ಜಾಗದ ಸುತ್ತ ಪುಕ್ಕ ಬಿಡಿಸಿದರೆ ಹೇನು ಇದ್ದರೆ ಓಡುವುದು ಕಾಣುತ್ತದೆ. ಕಾಲಿನ ಹುರುಪೆ ಎದ್ದು ನಿಂತಿದೆಯಾ? ಮೂಗಲ್ಲಿ ಸಿಂಬಳ, ಕಣ್ಣಲ್ಲಿ ನೊರೆ ಇದೆಯಾ? ರಾತ್ರಿ ಎಲ್ಲ ಸದ್ದು ಅಡಗಿದ ಮೇಲೆ ಹೋಗಿ ಕಿವಿಗೊಟ್ಟು ಕೇಳಿ. ಗೊರಗೊರ ಉಸಿರು ಹಗಲಲ್ಲಿ ಕೇಳದಿದ್ದರೂ ಆಗ ಕೇಳುತ್ತದೆ. ಜಂತಿನ ಔಷಧಿ, ಹೇನಿನ ಔಷಧಿ ಈ ತಿಂಗಳಲ್ಲೇ ಆಗಿಬಿಡಲಿ. ಒಲೆಬೂದಿ, ಒಣಮಣ್ಣು ಬೆರೆಸಿ ಒಂದು ತೊಟ್ಟಿಯಲ್ಲಿಟ್ಟರೆ ತಾವೇ ಹೊರಳಾಡಿಕೊಳ್ಳುತ್ತವೆ.

ಲಸಿಕೆ ವಿಷಯ. ಕೊಕ್ಕರೆ ರೋಗಕ್ಕೆ ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣು ಮೂಗಿಗೆ ಹನಿ ಹಾಕುತ್ತಾರೆ, ನಾಲ್ಕನೇ ವಾರದ ಹೊತ್ತಿಗೆ ಲಸೋಟಾ ಎಂಬ ಲಸಿಕೆ, ಸುಮಾರು ಎಂಟನೇ ವಾರಕ್ಕೆ ಆರ್‌2ಬಿ ಎಂಬ ಚುಚ್ಚುಮದ್ದು. ಸಿಡುಬಿಗೆ ಬೇರೆ ಲಸಿಕೆ ಇದೆ. ಸಂತೆ ಕೋಳಿಗೆ ಏನು ಹಾಕಿದ್ದಾರೆ ಅಂತ ಮಾರುವವರನ್ನು ಕೇಳಿದರೆ ಎಲ್ಲ ಆಗಿದೆ ಅಂತಲೇ ಹೇಳುತ್ತಾರೆ. ನಂಬಬೇಡಿ. ಹಳೆಯವು, ಹೊಸವು ಎರಡರದ್ದೂ ಲೆಕ್ಕ ತಗೊಂಡು ಪಶು ಆಸ್ಪತ್ರೆಗೆ ಹೋಗಿ ಕೇಳಿ. ಒಂದು ಶೀಶೆಯಲ್ಲಿ ನೂರಕ್ಕೂ ಹೆಚ್ಚು ಕೋಳಿಗೆ ಆಗುವಷ್ಟು ಲಸಿಕೆ ಇರುತ್ತದೆ, ಒಮ್ಮೆ ಕಲಸಿದರೆ ಗಂಟೆಗಳೊಳಗೆ ಮುಗಿಸಬೇಕು. ಅಕ್ಕಪಕ್ಕದ ಮನೆಯವರನ್ನೂ ಸೇರಿಸಿಕೊಂಡರೆ ಎಲ್ಲರಿಗೂ ಲಾಭ. ಕಾಫಿ ತೋಟದ ಲೈನ್ ಮನೆಗಳಲ್ಲಂತೂ ನಾಲ್ಕು ಮನೆಯ ಕೋಳಿ ಒಟ್ಟಿಗೆ ಮೇಯುತ್ತವೆ. ನಿಮ್ಮೊಬ್ಬರ ಕೋಳಿಗೆ ಹಾಕಿ ಪ್ರಯೋಜನ ಅರ್ಧ.

ನೆಗಡಿ, ಗೊರಲು ಉಸಿರಿನ ಕೆಲವು ರೋಗಗಳು ವಾಸಿಯಾದ ಕೋಳಿಯ ಮೈಯಲ್ಲೂ ಉಳಿದಿರುತ್ತವೆ. ಅದು ಆರಾಮಾಗಿರುತ್ತದೆ, ಜೊತೆಗಿದ್ದವು ಮಲಗುತ್ತವೆ. ಇದಕ್ಕೆ ಹಳೇ ಉಪಾಯ ಒಂದಿದೆ. ಮೂರನೇ ವಾರ ನಿಮ್ಮ ಹಳೆ ಕೋಳಿಗಳಲ್ಲಿ ಒಂದನ್ನು, ಹೇಗೂ ಸಾರಿಗೆ ಅಂತ ಇಟ್ಟದ್ದನ್ನು, ಹೊಸವುಗಳ ಜೊತೆ ಬಿಡಿ. ಅದು ಅಲ್ಲಿ ಆರಾಮಾಗಿದ್ದರೆ ಸ್ವಲ್ಪ ಧೈರ್ಯ ಬರುತ್ತದೆ. ಕ್ರೂರ ಅನ್ನಿಸಬಹುದು. ಹತ್ತು ಕೋಳಿ ಕಳೆದುಕೊಳ್ಳುವುದಕ್ಕಿಂತ ವಾಸಿ.

ಈ ತಿಂಗಳಲ್ಲಿ ಕೋಳಿ ಸತ್ತರೆ ತೋಟಕ್ಕೆ ಎಸೆಯಬೇಡಿ, ನಾಯಿ ಎಳೆದು ತರುತ್ತದೆ. ಆಳವಾಗಿ ಹೂತು ಸುಣ್ಣ ಹಾಕಿ. ಒಂದಕ್ಕಿಂತ ಹೆಚ್ಚು ಸತ್ತರೆ ಹೂಳುವ ಮೊದಲು ಪಶು ಆಸ್ಪತ್ರೆಗೆ ತಿಳಿಸಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಸತ್ತ ಕೋಳಿ ಪರೀಕ್ಷೆಗೆ ತರಬಹುದಾ ಅಂತ ಅಲ್ಲಿ ಮೊದಲೇ ಫೋನ್ ಮಾಡಿ ಕೇಳಿ.

ಜಾಲರಿ ಆಚೆ, ಜಾಲರಿ ಈಚೆ

ತಿಂಗಳು ಕಳೆಯಿತು, ಎಲ್ಲ ಚುರುಕಾಗಿವೆ. ಈಗ ಹೊಸವನ್ನು ಹಳೆ ಕೋಳಿಗಳ ಪಕ್ಕಕ್ಕೆ ತನ್ನಿ, ಮಧ್ಯೆ ತಡೆ ಇರಲಿ. ಅಂಗಡಿಯ ಕೋಳಿ ಮೆಶ್ ಆದರೂ ಸರಿ, ಅಡಿಕೆ ದಬ್ಬೆ ಅಥವಾ ಬಿದಿರಿನ ತಡಿಕೆ ಆದರೂ ಸರಿ. ಆಚೆ ಈಚೆ ಕಾಣಬೇಕು, ತಲೆ ತೂರಬಾರದು. ದಬ್ಬೆಗಳ ಸಂದು ಎರಡು ಬೆರಳಿಗಿಂತ ಕಡಿಮೆ ಇರಲಿ.

ಒಂದು ವಾರದಿಂದ ಹತ್ತು ದಿನ ಹೀಗೆ. ಮೊದಲ ದಿನ ಹಳೆಯವು ತಡಿಕೆಗೆ ಎದೆ ಒತ್ತಿ ಅತ್ತಿಂದಿತ್ತ ಓಡುತ್ತವೆ. ಕುಕ್ಕಲು ನೋಡುತ್ತವೆ, ಸಿಕ್ಕುವುದಿಲ್ಲ. ಕ್ರಮೇಣ ಬೇಜಾರಾಗುತ್ತದೆ. ಕಾಳನ್ನು ತಡಿಕೆಯ ಎರಡೂ ಪಕ್ಕ, ತಡಿಕೆಗೆ ಹತ್ತಿರವೇ ಹಾಕಿ. ಅಕ್ಕಪಕ್ಕ ನಿಂತು ತಿನ್ನುವುದು ಅಭ್ಯಾಸ ಆಗಲಿ. ಹಳೆಯವು ತಡಿಕೆಗೆ ಬೆನ್ನು ಹಾಕಿ ಕೆದರುತ್ತಾ ನಿಂತವು ಅಂದರೆ ಮುಂದಿನ ಹೆಜ್ಜೆ ಇಡಬಹುದು. ವಾರ ಆದರೂ ತಡಿಕೆಗೆ ಹಾರಿ ಒದೆಯುತ್ತಲೇ ಇದ್ದರೆ ಇನ್ನೂ ಕೆಲವು ದಿನ ಕಾಯಿರಿ.

"ರಾತ್ರಿ ಕತ್ತಲಲ್ಲಿ ಗೂಡಿಗೆ ಬಿಟ್ಬಿಡಿ ಅಕ್ಕಾ, ಬೆಳಗ್ಗೆ ಎದ್ದಾಗ ಎಲ್ಲ ಒಂದೇ ಅನ್ಕೊಳ್ತವೆ" ಅಂತ ಊರಲ್ಲಿ ಹೇಳುತ್ತಾರೆ. ಅರ್ಧ ನಿಜ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದು ಕಡಿಮೆ, ಹೊಡೆದಾಡುವುದಿಲ್ಲ. ಆದರೆ ಬೆಳಕು ಹರಿದ ಕೂಡಲೇ ಮುಖ ನೋಡಿ ಗುರುತು ಹಿಡಿಯುತ್ತವೆ, ಜುಟ್ಟು, ಮೋರೆಯಿಂದಲೇ. ತಡಿಕೆ ಪಾಠ ಆದ ಮೇಲೆ ರಾತ್ರಿ ಬಿಡುವುದು ಒಳ್ಳೆಯದೇ. ಅದೊಂದನ್ನೇ ನಂಬಿದರೆ ಬೆಳಗ್ಗೆ ಆರು ಗಂಟೆಗೆ, ಬಾಗಿಲು ಮುಚ್ಚಿದ ಗೂಡಿನಲ್ಲಿ, ಜಗಳ ಶುರು.

ಗೂಡನ್ನು ಹೊಸದು ಮಾಡಿ

ಬಿಡುವ ಹಿಂದಿನ ದಿನ ಗೂಡಿನ ಒಳಗನ್ನು ಬದಲಿಸಿ. ಕೂರುವ ಗಳದ ಜಾಗ ಬದಲಾಗಲಿ, ಮೊಟ್ಟೆ ಬುಟ್ಟಿ ಬೇರೆ ಮೂಲೆಗೆ ಹೋಗಲಿ, ನೆಲಕ್ಕೆ ಹೊಸ ಹೊಟ್ಟು ಅಥವಾ ಒಣಗಿದ ದರಗು ಬೀಳಲಿ. ಹಳೆ ಕೋಳಿಗೂ ಜಾಗ ಅರ್ಧ ಹೊಸದಾದರೆ ಅದರ ಗತ್ತು ಸ್ವಲ್ಪ ಇಳಿಯುತ್ತದೆ.

ಒಳಗೆ ಕೋಳಿಗೆ ಎರಡರಿಂದ ಮೂರು ಚದರಡಿ, ಹೊರಗೆ ಬೇಲಿಯೊಳಗೆ ಎಂಟು ಹತ್ತು ಚದರಡಿ ಲೆಕ್ಕ ಹಾಕಿ. ಗಳದ ಮೇಲೆ ಒಂದಕ್ಕೆ ಒಂದು ಗೇಣು. ಗಿರಿರಾಜ ಇದ್ದರೆ ಗಳ ಮೊಣಕಾಲೆತ್ತರಕ್ಕಿಂತ ಮೇಲೆ ಬೇಡ. ಅವು ಹಾರಲಾರವು, ಹಾರಿದರೆ ಇಳಿಯುವಾಗ ಕಾಲು ಪೆಟ್ಟಾಗುತ್ತದೆ. ನಾಟಿಗೆ ಎತ್ತರ ಬೇಕು. ಎತ್ತರಕ್ಕೊಂದು, ತಗ್ಗಿಗೊಂದು ಗಳ ಹಾಕಿದರೆ ಇಬ್ಬರ ಜಗಳವೂ ಕಡಿಮೆ.

ಅಡಗುವ ಜಾಗಗಳನ್ನು ಯೋಚಿಸಿ ಮಾಡಬೇಕು. ಎಲ್ಲದಕ್ಕೂ ಎರಡು ಬಾಯಿ ಇರಲಿ. ಗೋಡೆಗೆ ಓರೆಯಾಗಿ ನಿಲ್ಲಿಸಿದ ಹಲಗೆ ಒಳ್ಳೆಯದು, ಈ ಕಡೆ ಹೊಕ್ಕು ಆ ಕಡೆ ಓಡಬಹುದು. ಮಗುಚಿದ ಮಂಕರಿ ಕೆಟ್ಟದ್ದು, ಒಳಗೆ ಹೊಕ್ಕರೆ ಸಿಕ್ಕಿಬಿದ್ದ ಹಾಗೆ. ಹೊರಗೆ ಸೌದೆ ಒಟ್ಟು, ಕಾಫಿ ಗಿಡದ ಬುಡ, ಹಳೇ ಬೆಂಚು ಎಲ್ಲ ನಡೆಯುತ್ತವೆ. ಒಂದರ ಕಣ್ಣಿಂದ ಇನ್ನೊಂದು ಮರೆಯಾದರೆ ಜಗಳ ಅಲ್ಲಿಗೆ ನಿಂತಿತು.

ಕಾಳು ನೀರಿಗೆ ಕನಿಷ್ಠ ಎರಡೆರಡು ಜಾಗ ಮಾಡಿ, ಒಂದಕ್ಕೊಂದು ಕಾಣದ ಹಾಗೆ. ಹತ್ತಿರ ಹತ್ತಿರ ಇಟ್ಟರೆ ಒಂದೇ ಗಯ್ಯಾಳಿ ಹ್ಯಾಟೆ ಎರಡನ್ನೂ ಕಾಯುತ್ತದೆ.

ಬಿಡುವ ದಿನ

ಬಿಸಿಲಿರುವ ದಿನ, ಮಧ್ಯಾಹ್ನ ಕಳೆದ ಮೇಲೆ, ಹೊರಗೆ ಬಯಲಲ್ಲಿ ಬಿಡಿ. ಗೂಡಿನೊಳಗಲ್ಲ. ಹೊಸವು ಮೊದಲು ಬರಲಿ, ಜಾಗ ನೋಡಿಕೊಳ್ಳಲಿ. ಅರ್ಧ ಗಂಟೆ ಬಿಟ್ಟು ಹಳೆಯವು. ಅಷ್ಟರಲ್ಲಿ ರಾಗಿ, ನುಚ್ಚನ್ನು ಒಂದೇ ಕಡೆ ಸುರಿಯದೆ ಅಂಗಳದ ಉದ್ದಗಲಕ್ಕೂ ಎರಚಿ. ತಿಪ್ಪೆಯ ಒಂದು ಪಕ್ಕ ಕೆದಕಿ ಹುಳ ತೋರಿಸಿದರೆ ಇನ್ನೂ ಒಳ್ಳೆಯದು. ತಲೆ ನೆಲದಲ್ಲಿದ್ದರೆ ಜಗಳದ ನೆನಪು ಕಡಿಮೆ.

ನಾಟಿ ಹುಂಜ ಒಂದು ಸಮಾಧಾನದ್ದಾಗಿದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಹ್ಯಾಟೆಗಳು ಹೊಡೆದಾಡುವಾಗ ಮಧ್ಯೆ ನುಗ್ಗಿ ಬಿಡಿಸುತ್ತದೆ.

ಸಂಜೆ ಹಳೆಯವು ಗೂಡು ಸೇರಿ ಕತ್ತಲಾದ ಮೇಲೆ ಹೊಸವನ್ನು ಒಂದೊಂದಾಗಿ ಹಿಡಿದು ಗಳದ ಮೇಲೆ ಕೂರಿಸಿ. ಬೆಳಗ್ಗೆ ಬೆಳಕು ಹರಿಯುವಷ್ಟರಲ್ಲಿ ನೀವು ಬಾಗಿಲಲ್ಲಿರಬೇಕು. ತಡ ಮಾಡಿದರೆ ಇಡೀ ಜಗಳ ಒಳಗೇ ನಡೆಯುತ್ತದೆ.

ಬೇಲಿ ಇಲ್ಲದೆ ತೋಟಕ್ಕೆ ಬಿಡುವವರು ಇನ್ನೊಂದು ವಾರ ಕಾಯಬೇಕು. ಹೊಸ ಕೋಳಿಗೆ ಇದೇ ಮನೆ ಅಂತ ಇನ್ನೂ ಗೊತ್ತಿರುವುದಿಲ್ಲ. ಹೊಡೆತಕ್ಕೆ ಹೆದರಿ ದೂರ ಹೋದದ್ದು ಸಂಜೆ ಹಲಸಿನ ಮರ ಹತ್ತುತ್ತದೆ, ಕಾಡುಬೆಕ್ಕಿಗೆ ಊಟ. ಬಿಡಲು ಶುರು ಮಾಡಿದ ಮೇಲೂ ಸಂಜೆ ಎಣಿಸುವುದನ್ನು ಮರೆಯಬೇಡಿ.

ಯಾವಾಗ ಕೈ ಹಾಕಬೇಕು

ಅಟ್ಟಿಸಿಕೊಂಡು ಹೋಗುವುದು, ಒಂದೆರಡು ಕುಕ್ಕು, ಹಾರಿದ ಪುಕ್ಕ, ಇವಕ್ಕೆಲ್ಲ ಸುಮ್ನಿರಿ. ನೀವು ಬಿಡಿಸಿದಷ್ಟೂ ತೀರ್ಮಾನ ಮುಂದಕ್ಕೆ ಹೋಗುತ್ತದೆ.

ರಕ್ತ ಕಂಡರೆ ಕೂಡಲೇ ಎತ್ತಿ. ಕೆಂಪು ಕಂಡ ಕಡೆಗೆ ಎಲ್ಲ ಕೋಳಿಗಳೂ ಕುಕ್ಕಲು ಬರುತ್ತವೆ, ಜಗಳಕ್ಕೆ ಸಂಬಂಧವೇ ಇಲ್ಲದವೂ. ಗಾಯ ತೊಳೆದು ಜೆನ್ಷಿಯನ್ ವಯಲೆಟ್ ಹಚ್ಚಿದರೆ ಕೆಂಪು ಮುಚ್ಚಿಹೋಗುತ್ತದೆ. ಅದು ಇಲ್ಲದಿದ್ದರೆ ಅರಿಸಿನ, ಕೊಬ್ಬರಿ ಎಣ್ಣೆ. ಇಡೀ ದಿನ ಗಳದಿಂದ ಇಳಿಯದ, ಕಾಳಿಗೆ ಬರದ, ಎದೆಮೂಳೆ ಕೈಗೆ ಚೂಪಾಗಿ ಸಿಗುವ ಕೋಳಿಯನ್ನೂ ಹಾಗೇ ಬಿಡಬೇಡಿ.

ಒಂದೇ ಕೋಳಿ ಎಲ್ಲರನ್ನೂ ಕಾಡುತ್ತಿದ್ದರೆ ಪೆಟ್ಟು ತಿಂದದ್ದನ್ನು ಬೇರೆ ಇಡುವ ಬದಲು ಕಾಡುವುದನ್ನೇ ಹಿಡಿದು ಬೇರೆ ಇಡಿ. ಪೆಟ್ಟು ತಿಂದದ್ದನ್ನು ತೆಗೆದರೆ ಮತ್ತೆ ಬಂದಾಗ ಅದು ಇನ್ನೊಮ್ಮೆ ಹೊಸಬ. ಕಾಡುವ ಕೋಳಿಯನ್ನು ಮೂರು ನಾಲ್ಕು ದಿನ ಕಣ್ಣಿಗೆ ಕಾಣದ ಕಡೆ ಇಟ್ಟು ತಂದರೆ ಅಷ್ಟರಲ್ಲಿ ಉಳಿದವು ತಮ್ಮ ಸಾಲು ಮಾಡಿಕೊಂಡಿರುತ್ತವೆ, ಇದಕ್ಕೆ ಮೊದಲಿನ ಜೋರು ಇರುವುದಿಲ್ಲ.

ಹುಂಜ ಎರಡಾದರೆ

ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು. ಒಟ್ಟಿಗೆ ಬೆಳೆದ ಹುಂಜಗಳು ಹೇಗೋ ಹೊಂದಿಕೊಂಡಿರುತ್ತವೆ. ಬೆಳೆದ ಹೊಸ ಹುಂಜವನ್ನು ಹಳೆ ಹುಂಜ ಇರುವ ಗೂಡಿಗೆ ಸೇರಿಸುವ ಆಸೆ ಬಿಡಿ. ಕಾಲಿನ ಮುಳ್ಳು ಬೆಳೆದ ಹುಂಜಗಳ ಜಗಳ ಹ್ಯಾಟೆಗಳ ಜಗಳದ ಹಾಗಲ್ಲ. ಕಾದಾಟಕ್ಕೆ ಹೆಸರಾದ ಅಸೀಲ್ ತಳಿಯ ರಕ್ತದ ಹುಂಜ ಆದರಂತೂ ಓಡುವುದೇ ಇಲ್ಲ, ಸಾಯುವವರೆಗೆ ನಿಲ್ಲುತ್ತದೆ. ಹೊಸದು ಬೇಕೇ ಬೇಕು ಅಂದರೆ ಹಳೆಯದನ್ನು ಕೊಡಿ, ಇಲ್ಲ ಸಾರು ಮಾಡಿ.

ತಾಯಿ ಕೋಳಿ, ಮರಿ, ಮೇವು

ಮರಿ ಸೇರಿಸಲು ಎಲ್ಲಕ್ಕಿಂತ ಸುಲಭದ ದಾರಿ ಕಾವು ಕೂತ ನಾಟಿ ಹ್ಯಾಟೆ. ಗಿರಿರಾಜ ಮೊಟ್ಟೆಯನ್ನು ಅದರ ಕೆಳಗಿಟ್ಟು ಮರಿ ಮಾಡಿಸಿದರೆ ನಿಮಗೆ ತಡಿಕೆಯೂ ಬೇಡ, ರಾತ್ರಿ ಕಾವಲೂ ಬೇಡ. ತಾಯಿಯೇ ಮರಿಗಳನ್ನು ಗುಂಪಿನೊಳಗೆ ತಿರುಗಾಡಿಸುತ್ತದೆ, ಹತ್ತಿರ ಬಂದವರ ಮೇಲೆ ಹಾರುತ್ತದೆ. ಆದರೆ ಕಾವು ಕೂತದ್ದನ್ನು ಬಹಳ ದೂರ, ಬಹಳ ದಿನ ಇಡಬೇಡಿ. ಬೇರೆ ಕೋಳಿಗಳಿಗೆ ಕಾಣುವ ಮೂಲೆಯಲ್ಲೇ ಇರಲಿ. ಇಲ್ಲದಿದ್ದರೆ ತಾಯಿಯೇ ತನ್ನ ಜಾಗಕ್ಕೆ ಮತ್ತೆ ಹೊಡೆದಾಡಬೇಕಾಗುತ್ತದೆ.

ದೊಡ್ಡವು ಚಿಕ್ಕವು ಕೂಡಿದ ಮೇಲೆ ಮೊಟ್ಟೆ ಕೋಳಿಯ ಲೇಯರ್ ಫೀಡ್ ಎಲ್ಲಕ್ಕೂ ಹಾಕಬೇಡಿ. ಅದರಲ್ಲಿ ಸುಣ್ಣದ ಅಂಶ (ಕ್ಯಾಲ್ಸಿಯಂ) ಶೇ. 3.5ರಿಂದ 4. ಇನ್ನೂ ಮೊಟ್ಟೆಗೆ ಬಾರದ ಎಳೆ ಕೋಳಿಗಳ ಮೂತ್ರಪಿಂಡ ಅದರಿಂದ ಹಾಳಾಗುತ್ತದೆ. ಎಲ್ಲಕ್ಕೂ ಬೆಳೆಯುವ ಕೋಳಿಯ ಗ್ರೋವರ್ ಫೀಡ್ ಹಾಕಿ, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ. ಮೊಟ್ಟೆ ಇಡುವವು ತಮಗೆ ಬೇಕಾದಷ್ಟು ತಿನ್ನುತ್ತವೆ, ಎಳೆಯವು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಸೇರಿಸಿದ ಮೇಲೆ ಒಂದೆರಡು ವಾರ ಮೊಟ್ಟೆ ಕಡಿಮೆಯಾಗುತ್ತದೆ, ಕೆಲವು ಪುಕ್ಕವನ್ನೂ ಉದುರಿಸುತ್ತವೆ. ಅದಕ್ಕೆ ಔಷಧಿ ಹುಡುಕಬೇಕಿಲ್ಲ. ಮೊಟ್ಟೆ ಇಡುತ್ತಿವೆ ಆದರೆ ಬುಟ್ಟಿಯಲ್ಲಿಲ್ಲ ಅನ್ನಿಸಿದರೆ ಹೊಸ ಹ್ಯಾಟೆಗಳಿಗೆ ಬುಟ್ಟಿ ಹತ್ತಲು ಹಳೆಯವು ಬಿಡುತ್ತಿಲ್ಲ ಅಂತ. ಇನ್ನೊಂದು ಬುಟ್ಟಿಯನ್ನು ದೂರದ ಮೂಲೆಯಲ್ಲಿಟ್ಟು ಅದರಲ್ಲಿ ಒಂದು ಗುರುತಿನ ಮೊಟ್ಟೆ ಇಡಿ. ಅಷ್ಟರವರೆಗೆ ಸೌದೆ ಒಟ್ಟಿನ ಸಂದು, ಕೊಟ್ಟಿಗೆ ಅಟ್ಟ, ಬಾಳೆ ಬುಡ ಎಲ್ಲ ದಿನಾ ಒಮ್ಮೆ ನೋಡಿಕೊಂಡು ಬನ್ನಿ.